ಐದು ಪದರದ ಗಿಟಾರು, ಗೆರೆ ನನ್ನದು

ನಮ್ಮ ಮನೆಯಲ್ಲಿ ನನಗೆ ಕೆಟ್ಟ ಹೆಸರು ಬಂದಿರುವುದು ಕುತೂಹಲ ಎಂಬ ಒಂದೇ ಒಂದು ಸದ್ಗುಣದಿಂದ. ಕುಡಿತವಿಲ್ಲ, ಇಸ್ಪೀಟಿಲ್ಲ, ಸಂಜೆ ಐದರೊಳಗೆ ಮನೆ ಸೇರುತ್ತೇನೆ. ಆದರೆ ಯಾವುದಾದರೂ ವಸ್ತು ನನ್ನೆದುರು ಕೂತು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ, ಅದರೊಳಗೆ ಏನಿದೆ ಎಂದು ನೋಡುವವರೆಗೂ ನನಗೆ ಊಟ ಸೇರುವುದಿಲ್ಲ. ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ತೂಕದ ಯಂತ್ರ, ಪಕ್ಕದ ಮನೆಯವರ ಕರೆಗಂಟೆ, ಎಲ್ಲವನ್ನೂ ಬಿಚ್ಚಿ ನೋಡಿದ್ದೇನೆ. ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿಯೂ ಇದ್ದೇನೆ. (ಜೋಡಿಸಿದ ಮೇಲೆ ಮಿಕ್ಕ ಸ್ಕ್ರೂಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತೇನೆ. ಡಬ್ಬಿ ತುಂಬುತ್ತ ಬಂದಿದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.)

ನಾನು ಹೈಸ್ಕೂಲಿನಲ್ಲಿ ರೇಖಾಗಣಿತ ಪಾಠ ಮಾಡುವ ಮೇಷ್ಟ್ರು. ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಪ್ರೀತಿ ಬಂದರೆ ನನ್ನನ್ನು 'ರೀ' ಎನ್ನುತ್ತಾಳೆ, ಕೋಪ ಬಂದರೆ 'ಮೇಷ್ಟ್ರೇ' ಎನ್ನುತ್ತಾಳೆ. ಮಗಳು ಒಬ್ಬಳೇ. ಕಾಲೇಜಿನಲ್ಲಿ ಓದುತ್ತಾಳೆ, ಮತ್ತು ಇನ್ನಿಬ್ಬರು ಗೆಳತಿಯರ ಜೊತೆ ಸೇರಿಕೊಂಡು ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಾಳೆ.

ಈ ಗಿಟಾರು ಮನೆಗೆ ಬಂದ ದಿನದಿಂದ ನನಗೆ ನೆಮ್ಮದಿ ಇರಲಿಲ್ಲ. ಸಾಮಾನ್ಯ ಗಿಟಾರಿಗೆ ಹೊಟ್ಟೆಯಲ್ಲಿ ಒಂದು ತೂತಿರುತ್ತದೆ, ಒಳಗೆ ಟೊಳ್ಳಿರುತ್ತದೆ, ಅಲ್ಲಿಂದ ಶಬ್ದ ಬರುತ್ತದೆ. ಅದು ನ್ಯಾಯ. ಇದಕ್ಕೆ ತೂತೂ ಇಲ್ಲ, ಟೊಳ್ಳೂ ಇಲ್ಲ. ಒಂದು ಮರದ ಹಲಗೆ, ಮೇಲೆ ಆರು ತಂತಿ. ತಂತಿಯ ಕೆಳಗೆ ಎರಡು ಆಯಸ್ಕಾಂತದ ಪಟ್ಟಿ, ಅದನ್ನು ಪಿಕಪ್ ಅನ್ನುತ್ತಾರಂತೆ. ಅದು ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಹಾಗಾದರೆ ಮರಕ್ಕೇನು ಕೆಲಸ? ಮಗಳನ್ನು ಕೇಳಿದೆ. ಅವಳು, "ಅಪ್ಪಾ, ಮುಟ್ಟಬೇಡ" ಅಂದಳು. ಇದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಒಂದು ಸಲ ಹೆಂಡತಿಯೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಅವಳು ಎಡಚಿ. ಬರೆಯುವುದು, ಬಡಿಸುವುದು, ಕತ್ತರಿಸುವುದು ಎಲ್ಲ ಎಡಗೈಯಲ್ಲೇ. ಗಿಟಾರನ್ನೂ ಹಾಗೇ ತಿರುಗಿಸಿ ಹಿಡಿದುಕೊಂಡಳು. ತಂತಿಗಳೆಲ್ಲ ತಲೆಕೆಳಗಾದವು. ಮಗಳು, "ಅಮ್ಮಾ, ಉಲ್ಟಾ ಹಿಡ್ಕೊಂಡಿದೀಯ" ಅಂದಳು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಗಿಟಾರನ್ನು ಮಗಳ ಕೈಗೆ ಕೊಟ್ಟು, ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಆಮೇಲೆ ಯಾವತ್ತೂ ಅದನ್ನು ಮುಟ್ಟಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಳು. ತಲೆಗೆ ನೀರು ಹಾಕಿಕೊಳ್ಳುವ ದಿನ, ಅರ್ಧ ಗಂಟೆಯಂತೂ ಗ್ಯಾರಂಟಿ. ಗಿಟಾರಿನ ಬೆನ್ನಲ್ಲಿ, ಕತ್ತು ಮೈಗೆ ಸೇರುವ ಕಡೆ, ನಾಲ್ಕು ಸ್ಕ್ರೂ ಇದ್ದವು. ಬಿಚ್ಚಿದೆ. ಕತ್ತು ಬೇರೆ, ಮೈ ಬೇರೆ ಆಯಿತು. ಒಳಗೆ ನೋಡಿದರೆ ಮರವೂ ಅಲ್ಲ, ಪುಡಿ ಒತ್ತಿ ಮಾಡಿದ ಹಲಗೆ. ತೃಪ್ತಿಯಾಯಿತು. ತಿರುಗಿ ಜೋಡಿಸಲು ಹೋದರೆ ಮೂರೇ ಸ್ಕ್ರೂ. ನಾಲ್ಕನೆಯದು ಕಪಾಟಿನ ಕೆಳಗೆ ಉರುಳಿತ್ತೋ ಏನೋ. ಅದಕ್ಕೇ ತಾನೇ ಬಿಸ್ಕತ್ತಿನ ಡಬ್ಬಿ ಇರುವುದು. ಅದರಿಂದ ಒಂದು ಸ್ಕ್ರೂ ತೆಗೆದು ಹಾಕಿದೆ, ಸ್ವಲ್ಪ ಉದ್ದವಿತ್ತು, ಆದರೂ ಬಿಗಿದೆ, ಇನ್ನೂ ಒಂದು ಸುತ್ತು ಬಿಗಿದೆ. 'ಟಕ್' ಅಂತು. ಮೈಯ ಮೇಲೆ ಕತ್ತಿನ ಬುಡದಿಂದ ಪಿಕಪ್‌ವರೆಗೆ ಒಂದು ಬಿರುಕು, ಸ್ಕೇಲು ಇಟ್ಟು ಎಳೆದಷ್ಟು ನೇರವಾಗಿ ಬಿತ್ತು.

ಮಗಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದಳು. ನೋಡಿದಳು. ಕೂಗಾಡಲಿಲ್ಲ. ಮಂಚದ ಮೇಲೆ ಕೂತು, "ಇನ್ನು ಐದು ವಾರಕ್ಕೆ ಕಾಲೇಜಿನ ವಾರ್ಷಿಕೋತ್ಸವ ಅಪ್ಪಾ. ಫಸ್ಟ್ ಟೈಮ್ ನಮಗೆ ಸ್ಟೇಜ್ ಕೊಟ್ಟಿದಾರೆ" ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬಾಲ ಮುದುರಿಕೊಂಡು ಗಿಟಾರನ್ನು ಎದುರು ಸಾಲಿನ ಬಡಗಿಯ ಹತ್ತಿರ ತೆಗೆದುಕೊಂಡು ಹೋದೆ. ಬಡಗಿ ಮಿತಭಾಷಿ. ಮಾತಿಗೆ ಬದಲು ಪೆನ್ಸಿಲನ್ನು ಒಂದು ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ.

"ಗೋಂದು ಹಾಕಿ, ಎರಡು ಬೋಲ್ಟ್ ಬಿಗಿದ್ರೆ ಆಯ್ತು ಮೇಷ್ಟ್ರೇ. ನಾಳೆ ಸಂಜೆ ಬನ್ನಿ."

ಇಲ್ಲಿಗೆ ಈ ಕಥೆ ಮುಗಿಯಬೇಕಿತ್ತು. ಮುಗಿಯಲು ಬಿಡಲಿಲ್ಲ, ನಾನು. "ವೇದಿಕೆಯ ಮೇಲೆ ನನ್ನ ಮಗಳು ಬ್ಯಾಂಡೇಜು ಕಟ್ಟಿದ ಗಿಟಾರು ನುಡಿಸುವುದೇ? ಹೊಸ ಮೈಯನ್ನೇ ಮಾಡೋಣ. ಗಟ್ಟಿ ಮರದ್ದು. ಒಂದರ ಮೇಲೊಂದು ಪದರ ಕೂರಿಸಿ" ಅಂದೆ. ಇದರಲ್ಲಿ ಪ್ರಾಯಶ್ಚಿತ್ತ ಅರ್ಧ. ಉಳಿದರ್ಧ ಆ ಹಳೆಯ ಪ್ರಶ್ನೆ: ಕರೆಂಟಿನ ಗಿಟಾರಿನಲ್ಲಿ ಮರಕ್ಕೇನು ಕೆಲಸ? ಪುಡಿ ಹಲಗೆಯ ಬದಲು ಒಳ್ಳೆಯ ಮರ ಹಾಕಿದರೆ ತಂತಿ ಬೇರೆ ಥರ ಹಾಡುತ್ತದೆಯೇ? ತಿಳಿಯುವ ಅವಕಾಶ ಮನೆ ಬಾಗಿಲಿಗೆ ಬಂದಿತ್ತು. ಬಡಗಿ ಪೆನ್ಸಿಲನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿ, "ಗೆರೆ ನೀವು ಹಾಕಿ. ಗೆರೆ ಮೇಲೆ ನಾನು ಹೋಗ್ತೀನಿ" ಅಂದ. ಬಹಳ ಮರ್ಯಾದಸ್ಥ ಒಪ್ಪಂದ ಎಂದು ಆಗ ನನಗನ್ನಿಸಿತು.

ಮಗಳಿಗೆ ಗಂಭೀರವಾಗಿ ಮಾತು ಕೊಟ್ಟೆ. ಅವಳು ಗಿಟಾರಿನ ಕತ್ತು, ಪಿಕಪ್ಪು, ದನಿ ಏರಿಳಿಸುವ ತಿರುಗಣಿ ಗುಂಡಿಗಳನ್ನೆಲ್ಲ ತಾನೇ ಬಿಚ್ಚಿ ಒಂದು ಚಪ್ಪಲಿ ಡಬ್ಬಿಯಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟಳು. (ನನ್ನ ಕೈಗಲ್ಲ. ಗಮನಿಸಿದೆ, ಹೊಟ್ಟೆಗೆ ಹಾಕಿಕೊಂಡೆ.) ಅಲ್ಲಿಯವರೆಗೆ ಗೆಳತಿಯ ಮನೆಯಲ್ಲಿ, ಗೆಳತಿಯ ಗಿಟಾರಿನಲ್ಲೇ ಅಭ್ಯಾಸ ಮಾಡುತ್ತೇನೆಂದಳು. ಆದರೆ ವಾರ್ಷಿಕೋತ್ಸವದ ದಿನ ಆ ಗೆಳತಿಗೂ ತನ್ನ ಗಿಟಾರು ಬೇಕಲ್ಲ. ಅಷ್ಟರೊಳಗೆ ನನ್ನದು ಆಗಲೇಬೇಕು, ಇಲ್ಲದಿದ್ದರೆ ಮಗಳು ವೇದಿಕೆ ಹತ್ತುವಂತಿಲ್ಲ.

ಮೊದಲ ವಾರ ಮರದ ಸಂಶೋಧನೆ. ಒಳ್ಳೆಯ ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಅದು ಕೊರಡಿನಂತೆ ಸುಮ್ಮನಾಗದೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ ಎಂದು ಎಲ್ಲೋ ಓದಿದೆ. ಸರಿ, ತಟ್ಟಲು ಶುರು ಮಾಡಿದೆ. ಊಟದ ಮೇಜು ತಟ್ಟಿದೆ, ಮಂಚದ ಕಾಲು ತಟ್ಟಿದೆ, ಕಿಟಕಿ ಚೌಕಟ್ಟು ತಟ್ಟಿದೆ, ಪಕ್ಕದ ಮನೆಯ ಬಾಗಿಲು ತಟ್ಟಿ ಅವರು ತೆರೆದಾಗ "ಏನಿಲ್ಲ, ಬಾಗಿಲು ಕೇಳ್ತಿದ್ದೆ" ಅಂದೆ. ಶಾಲೆಯಲ್ಲಿ ಸ್ಟಾಫ್ ಮೀಟಿಂಗು ನಡೆಯುತ್ತಿದ್ದಾಗ ಹೆಡ್‌ಮಾಸ್ಟರ ಮೇಜನ್ನು ಎರಡು ಸಲ ತಟ್ಟಿದೆ. ಅವರು ಕಾಗದದಿಂದ ತಲೆ ಎತ್ತದೆ, "ಒಳಗೆ ಬನ್ನಿ" ಅಂದರು. ನಾನು ಒಳಗೇ ಇದ್ದೆ.

ಬಡಗಿಯ ಮೂಲೆಯಲ್ಲಿದ್ದ ತುಂಡುಗಳಲ್ಲಿ ತೇಗ ಸಿಕ್ಕಿತು, ಮಹಾಗನಿ ಸಿಕ್ಕಿತು, ಯಾರೋ ಬಿಟ್ಟುಹೋದ ಒಂದು ಬಿಳಿ ಮರವೂ ಸಿಕ್ಕಿತು. ಅದರ ಹೆಸರು ಬಡಗಿಗೂ ಗೊತ್ತಿಲ್ಲ, ಆದರೆ ತಟ್ಟಿದರೆ ಚೆನ್ನಾಗಿ ಉತ್ತರ ಕೊಡುತ್ತಿತ್ತು. ನಡುವೆ ಮಹಾಗನಿ, ಅದರ ಎರಡು ಕಡೆ ಬಿಳಿ ಮರದ ತೆಳು ಪದರ, ಬೆನ್ನಿಗೆ ತೇಗ. ನಾಲ್ಕಾಯಿತು. ಐದನೆಯದು, ಎಲ್ಲರಿಗೂ ಕಾಣುವ ಮುಖದ ಪದರ, ಏನು ಹಾಕುವುದು?

ಉತ್ತರ ಮುಂದಿನ ಕೋಣೆಯಲ್ಲೇ ನೇತಾಡುತ್ತಿತ್ತು. ಹೆಂಡತಿ ಬಟ್ಟೆ ಕತ್ತರಿಸುವ ಮೇಜು ಅವಳ ಅಪ್ಪನದು. ಅವರೂ ದರ್ಜಿ. ಅದರ ಪಕ್ಕಕ್ಕೆ ಬಿಜಾಗರಿ ಹಾಕಿದ ಒಂದು ಮಡಿಸುವ ರೆಕ್ಕೆ ಇದೆ. ಅಪ್ಪಟ ಬೀಟೆ ಮರ. ನಮ್ಮ ಕೋಣೆ ಕಿರಿದಾದ್ದರಿಂದ ಎಷ್ಟೋ ವರ್ಷಗಳಿಂದ ಆ ರೆಕ್ಕೆ ಬಿಚ್ಚಿದ್ದೇ ಇಲ್ಲ. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಹತ್ತಿರ ಹೋಗಿ ತಟ್ಟಿದೆ.

"ಮೇಷ್ಟ್ರೇ."

"ಏನಿಲ್ಲ, ಧೂಳಿತ್ತು."

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, ಎದ್ದು ಬಂದು, ನನ್ನ ಕೈಯಿಂದಲೇ ಸ್ಕ್ರೂಡ್ರೈವರು ಕಿತ್ತುಕೊಂಡು ಆ ರೆಕ್ಕೆಯನ್ನು ಬಿಚ್ಚಿ ಕೊಟ್ಟಳು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮರದ ಎಳೆಗಳು ಕಂದು, ಕಪ್ಪು, ಕೆಂಪು ಎಂದು ಹೊಳೆದವು.

"ಇದರ ಮುಖದ ಮೇಲೆ ನಮ್ಮಪ್ಪ ಒಂದು ದಿನ ಒಂದು ಗೆರೆ ಎಳೆದವರಲ್ಲ. ನೀವೂ ಎಳೀಬೇಡಿ. ಗೆರೆ ಏನಿದ್ರೂ ಒಳಮಗ್ಗುಲಿಗೆ. ಬಟ್ಟೆಗೂ ಅಷ್ಟೇ, ಮರಕ್ಕೂ ಅಷ್ಟೇ."

"ನನಗೂ ಗೆರೆ ಎಳೆಯೋಕೆ ಬರುತ್ತೆ ಕಣೇ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ತಿದೀನಿ."

"ಎಳೆಯೋಕೆ ಬರುತ್ತೆ ರೀ. ಎಲ್ಲಿ ಎಳೀತೀರ ಅನ್ನೋದೇ ನನ್ನ ಭಯ."

ಮುಂದೆ ನಮೂನೆ ಕಾಗದ. ಬಿರುಕು ಬಿಟ್ಟ ಹಳೆಯ ಮೈಯನ್ನು ಒಂದು ದಪ್ಪ ಕಂದು ಕಾಗದದ ಮೇಲೆ ಅಂಗಾತ ಮಲಗಿಸಿ, ಸುತ್ತ ಪೆನ್ಸಿಲು ಓಡಿಸಿದೆ. ಕತ್ತು ಕೂರುವ ಕಡೆ ಮೈ ಎರಡು ಕೊಂಬಿನಂತೆ ಚಾಚಿತ್ತು, ಮೇಲುಗಡೆ ಉದ್ದ ಕೊಂಬು, ಕೆಳಗಡೆ ಗಿಡ್ಡ ಕೊಂಬು. ಕತ್ತು ಕೂರುವ ಗುಂಡಿ, ಪಿಕಪ್ ಕೂರುವ ಗುಂಡಿ, ತಿರುಗಣಿಗಳ ಜಾಗ ಎಲ್ಲವನ್ನೂ ಅಳತೆ ತೆಗೆದು ಗುರುತು ಹಾಕಿದೆ. ಕೈವಾರ, ಕೋನಮಾಪಕ, ಸ್ಕೇಲು, ನನ್ನ ಇಡೀ ಶಸ್ತ್ರಾಗಾರ ನೆಲದ ಮೇಲೆ ಹರಡಿತ್ತು. ಆಮೇಲೆ ಹೆಂಡತಿಯ ದೊಡ್ಡ ಕತ್ತರಿ ತೆಗೆದುಕೊಂಡು ಕಾಗದ ಕತ್ತರಿಸಲು ಹೊರಟೆ. ಕಾಗದ ಕತ್ತರಿಯ ನಡುವೆ ಮಡಚಿಕೊಂಡಿತೇ ಹೊರತು ತುಂಡಾಗಲಿಲ್ಲ.

"ಈ ಕತ್ತರಿ ಮೊಂಡಾಗಿದೆ" ಅಂದೆ.

ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಎಡಗೈಯಲ್ಲಿ ಹಿಡಿದು, ಕಾಗದವನ್ನು ಒಂದೇ ಉಸಿರಿಗೆ ಸುತ್ತ ಕತ್ತರಿಸಿ ಕೊಟ್ಟಳು. "ಕತ್ತರಿ ಮೊಂಡಲ್ಲ. ಇದು ಎಡಗೈದು, ನಮ್ಮಪ್ಪ ನನಗೋಸ್ಕರ ಹೇಳಿ ಮಾಡಿಸಿದ್ದು. ನಲ್ಲಿ ನಿಮ್ಮ ಕಡೆ ತಿರುಗುತ್ತೆ, ಬಾಗಿಲ ಚಿಲಕ ನಿಮ್ಮ ಕಡೆ, ಮೆಷಿನ್ನಿನ ಚಕ್ರ ನಿಮ್ಮ ಕಡೆ. ಈ ಮನೇಲಿ ನನ್ನ ಕೈಗೆ ಹೊಂದೋದು ಇದೊಂದೇ."

"ಹೌದಲ್ಲ" ಅಂದೆ. ನನ್ನ ತಲೆ ಆಗ ಪೂರ್ತಿ ಗಿಟಾರಿನಲ್ಲಿತ್ತು.

ಬಡಗಿಯ ಅಂಗಡಿಯಲ್ಲಿ ಐದು ಪದರ ಅಂಟಿಸುವ ದಿನ ಬಂತು. ಪ್ರತಿ ಹಲಗೆಗೂ ಬಡಗಿ ಹತ್ತರಿ ಹೊಡೆದು ನುಣುಪು ಮಾಡಿದ್ದ. ನಾನು ಗೋಂದು ಬಳಿದೆ, ಒಂದರ ಮೇಲೊಂದು ಕೂರಿಸಿದೆ, ಬಡಗಿ ಕೊಟ್ಟ ನಾಲ್ಕು ಕಬ್ಬಿಣದ ಕ್ಲಾಂಪುಗಳನ್ನು ಹಾಕಿ ತಿರುಪಿದೆ. ತಿರುಪುತ್ತಿದ್ದಂತೆ ಬೀಟೆ ಉತ್ತರಕ್ಕೆ ಹೊರಟಿತು, ತೇಗ ದಕ್ಷಿಣಕ್ಕೆ. ಬಿಳಿ ಮರದ ಎರಡು ಪದರಗಳು ಹಸಿ ಗೋಂದಿನ ಮೇಲೆ ಜಾರುಬಂಡೆ ಆಡತೊಡಗಿದವು. ನಾನು ಅತ್ತ ತಳ್ಳಿದರೆ ಇತ್ತ, ಇತ್ತ ತಳ್ಳಿದರೆ ಅತ್ತ. ಮೈಕೈಯೆಲ್ಲ ಗೋಂದಾಯಿತು. ಬಡಗಿ ಗೋಡೆಗೆ ಒರಗಿ ಪೆನ್ಸಿಲು ಬದಲಾಯಿಸುತ್ತಿದ್ದ.

ಆ ಹೊತ್ತಿಗೆ ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಎರಡು ಬಟ್ಟೆ ಸೇರಿಸಿ ಹೊಲಿಯೋಕೆ ಮುಂಚೆ ಏನ್ ಮಾಡ್ತಾರೆ? ಮೂಲೆಗೆ ಗುಂಡುಸೂಜಿ ಚುಚ್ಚಲ್ವಾ?"

"ಇದು ಮರ. ಲಂಗ ಅಲ್ಲ."

ಬಡಗಿ, ಕತ್ತರಿಸಿ ಬಿಸಾಡುವ ಮೂಲೆಗಳನ್ನು ನೋಡಿ ನಾಲ್ಕು ಸಣ್ಣ ಮೊಳೆ ಹೊಡೆದ. ಪದರಗಳು ಪೆಟ್ಟು ತಿಂದ ಹುಡುಗರಂತೆ ಸಾಲಾಗಿ ನಿಂತವು. "ಅಕ್ಕ ಹೇಳಿದ್ದೇ ಸರಿ" ಅಂದ. ಅವನು ಆ ವಾರ ಆಡಿದ ಅತಿ ಉದ್ದದ ಮಾತು ಅದು.

ಎರಡು ದಿನ ಒಣಗಿತು. ಅಂಚಿನಿಂದ ನೋಡಿದರೆ ಕಂದು, ಬಿಳಿ, ಕೆಂಪು, ಬಿಳಿ, ಹೊನ್ನು ಬಣ್ಣದ ಪಟ್ಟೆಗಳು. ತಟ್ಟಿದೆ. ಗುಂಯ್ ಅಂತು. ಒಂಟಿ ಹಲಗೆಗಳು ಕೊಟ್ಟ ಉತ್ತರವಲ್ಲ, ಐದೂ ಸೇರಿ ಬೇರೆಯದೇ ಒಂದು ಉತ್ತರ. ನನಗೆ ಮೈ ಜುಂ ಅಂದಿತು. ಕ್ಲಾಸಿನಲ್ಲಿ ಯಾವ ಪ್ರಮೇಯ ಸಾಧಿಸಿದಾಗಲೂ ಇಷ್ಟು ಸಂತೋಷ ಆಗಿರಲಿಲ್ಲ.

ಈಗ ಗೆರೆ ಹಾಕಬೇಕು. ಮುಖದ ಮೇಲೆ ಗೆರೆ ಬೀಳಬಾರದು ಎಂದು ಹೆಂಡತಿ ಹೇಳಿದ್ದಾಳೆ. ಮಾತು ಕೇಳದ ಗಂಡ ಎಂದು ಯಾರೂ ನನ್ನನ್ನು ಅನ್ನುವ ಹಾಗಿಲ್ಲ. ದಿಮ್ಮಿಯನ್ನು ಮಗುಚಿ, ಬೆನ್ನಿನ ತೇಗದ ಮೇಲೆ ನಮೂನೆ ಕಾಗದವನ್ನು ನಾನು ಬರೆದ ಮಗ್ಗುಲು ಕಾಣುವಂತೆ ಇಟ್ಟು, ಸುತ್ತ ಚೊಕ್ಕವಾಗಿ ಗೆರೆ ಎಳೆದೆ. ಬಡಗಿ ತನ್ನ ದೊಡ್ಡ ಗರಗಸದ ಯಂತ್ರದಲ್ಲಿ ಗೆರೆಯ ಮೇಲೆ ಹೋದ. ಮಾತಿಗೆ ಸರಿಯಾಗಿ, ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಸಂಜೆ ಹೆಂಡತಿ ಬಂದಳು. ಕೊರೆದಿಟ್ಟ ಮೈ ಬೀಟೆಯ ಮುಖ ಮೇಲೆ ಮಾಡಿಕೊಂಡು ಬೆಂಚಿನ ಮೇಲೆ ಮಲಗಿತ್ತು. ಅವಳು ಅದನ್ನು ನೋಡಿದಳು. ಉದ್ದ ಕೊಂಬನ್ನು ಮುಟ್ಟಿದಳು, ಗಿಡ್ಡ ಕೊಂಬನ್ನು ಮುಟ್ಟಿದಳು. ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು.

"ಏನು?"

"ಏನಿಲ್ಲ. ತುಂಬಾ ಚೆನ್ನಾಗಿದೆ."

(ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ 'ಆದರೆ' ಎಂಬ ಪದ ಇಲ್ಲದೆ ಅವಳು ನನ್ನ ಕೆಲಸ ಹೊಗಳಿದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು. ಬರಲಿಲ್ಲ, ನಾನು ಮೀಸೆ ತಿರುವುತ್ತಿದ್ದೆ.) ನಾನು ಮನೆಗೆ ಹೊರಟಾಗ ಅವಳು, "ನೀವು ನಡೀರಿ, ಬಡಗಿಯಣ್ಣನ ಪ್ಯಾಂಟಿನ ಅಳತೆ ತಗೊಂಡು ಬರ್ತೀನಿ" ಅಂದಳು. ಬಡಗಿಗೆ ನಾವು ಕೂಲಿ ಬದಲು ಬಟ್ಟೆ ಹೊಲಿದುಕೊಡುವುದು ಎಂದು ಮೊದಲೇ ಮಾತಾಗಿತ್ತು.

ಮರುದಿನ ಮುಖದ ಮೇಲೆ ಗುಂಡಿ ತೋಡುವ ಕೆಲಸ. ಇಲ್ಲಿ ಗೆರೆ ಬೇಕೇ ಬೇಕು, ಆದ್ದರಿಂದ ಮರಕ್ಕೆ ತಾಕದ ಹಾಗೆ ನಮೂನೆ ಕಾಗದವನ್ನೇ ಟೇಪಿನಲ್ಲಿ ಅಂಟಿಸೋಣವೆಂದುಕೊಂಡೆ. ಮುಖದ ಮೇಲೆ ಇಟ್ಟೆ. ಕೂರಲಿಲ್ಲ. ಕಾಗದದ ಉದ್ದ ಕೊಂಬು ಮರದ ಗಿಡ್ಡ ಕೊಂಬಿನ ಮೇಲೆ ಬಂತು. ತಲೆ ಕೆರೆದುಕೊಂಡೆ. ಕಾಗದವನ್ನು ಮಗುಚಿ ಹಾಕಿದೆ. ಅಂಗಿಗೆ ಗುಂಡಿ ಹಾಕಿದಷ್ಟು ಸಲೀಸಾಗಿ ಕೂತಿತು. ಹಿಂದಿನಿಂದ ಬೆಳಕಿಗೆ ಹಿಡಿದು ಗುರುತುಗಳನ್ನೆಲ್ಲ ಈ ಮಗ್ಗುಲಿಗೂ ಮೂಡಿಸಿ, ಟೇಪು ಹಾಕಿ, "ನೋಡಿದೆಯಾ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ" ಎಂದು ಬಡಗಿಗೆ ತೋರಿಸಿದೆ. ಅವನು ಪೆನ್ಸಿಲು ಬದಲಾಯಿಸಿದ. ಅಂದು ಅವನು ಅದನ್ನು ಮೂರು ಸಲ ಬದಲಾಯಿಸಿದ ಎಂದು ಈಗ ನೆನಪಾಗುತ್ತದೆ. ಆಮೇಲೆ ಯಂತ್ರ ಹಿಡಿದು ಗೆರೆಯ ಮೇಲೆ ಹೋದ.

ಮೂರು ವಾರ ಉಪ್ಪುಕಾಗದ ಹಾಕಿ ಉಜ್ಜಿದೆ. ಅಂಚುಗಳನ್ನು ದುಂಡಗೆ ಮಾಡಿದೆ, ಎಣ್ಣೆ ಹಚ್ಚಿದೆ, ಒಣಗಿಸಿದೆ, ಮತ್ತೆ ಉಜ್ಜಿದೆ. ಬೆರಳ ಗುರುತುಗಳು ಸವೆದುಹೋಗಿ ನಾನು ಯಾರೆಂದು ಸರ್ಕಾರಕ್ಕೂ ಗೊತ್ತಾಗದ ಸ್ಥಿತಿ ಬಂತು. ಯಾರಿಗೂ ತೋರಿಸದೆ ಹಳೆಯ ಪರದೆ ಸುತ್ತಿ ಇಟ್ಟಿದ್ದೆ. ಹೆಂಡತಿ ಇದ್ದಕ್ಕಿದ್ದಂತೆ ಬಹಳ ಸಹಕಾರಿಯಾಗಿದ್ದಳು. ಗಟ್ಟಿ ಮರ ತೂಕ ಜಾಸ್ತಿ, ಭುಜ ನೋಯುತ್ತದೆ ಎಂದು ಒಳಗೆ ಹತ್ತಿ ತುಂಬಿ ಅಗಲವಾದ ಒಂದು ಪಟ್ಟಿ ಹೊಲಿದಳು. ಅಳತೆ ಟೇಪನ್ನು ತನ್ನ ಬಲಭುಜದ ಮೇಲಿಂದ ಹಾಕಿಕೊಂಡು ಅಳೆಯುತ್ತಿದ್ದಳು.

"ಮಗಳಿಗಲ್ವಾ ಪಟ್ಟಿ?"

"ಅವಳ ಭುಜ ನನ್ನ ಭುಜ ಎಲ್ಲ ಒಂದೇ ಅಳತೆ ಬಿಡಿ."

ವಾರ್ಷಿಕೋತ್ಸವಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಅನಾವರಣ ಸಮಾರಂಭ ಏರ್ಪಡಿಸಿದೆ. ಮುಂದಿನ ಕೋಣೆಯಲ್ಲಿ ಕತ್ತರಿಸುವ ಮೇಜಿನ ಮೇಲೆ ಗಿಟಾರಿನ ಮೈ. ಮಗಳು, ಹೆಂಡತಿ, ವಿಶೇಷ ಆಹ್ವಾನಿತನಾಗಿ ಬಡಗಿ. ನಾನು ಎರಡು ಮಾತಾಡಿದೆ. (ಕಾಲು ಗಂಟೆ ಎಂದು ಹೆಂಡತಿ ಹೇಳುವುದು ಉತ್ಪ್ರೇಕ್ಷೆ.) ಪರದೆ ತೆಗೆದೆ. ಎಣ್ಣೆ ಕುಡಿದ ಬೀಟೆ ಫಳಫಳ ಹೊಳೆಯಿತು. ಮಗಳು, "ಅಪ್ಪಾ" ಎಂದು ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಚಪ್ಪಲಿ ಡಬ್ಬಿ ತೆರೆದು ಕತ್ತು ತೆಗೆದು ಅದರ ಗುಂಡಿಯಲ್ಲಿ ಇಟ್ಟಳು. ಎಲ್ಲಿಯೂ ಅಲುಗಾಡದೆ ಕೂತಿತು. ಸ್ಕ್ರೂ ಹಾಕಿದಳು. ಪಟ್ಟಿ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡು, ಎಡಗೈಯಲ್ಲಿ ಕತ್ತು ಹಿಡಿದು ನಿಂತಳು.

ಉದ್ದ ಕೊಂಬು ಕೆಳಗೆ ಬಂದು ಅವಳ ಮೊಣಕಾಲಿನ ಕಡೆ ನೋಡುತ್ತಿತ್ತು. ಕೆಳಗಡೆ ಇರಬೇಕಾದ ತಿರುಗಣಿ ತೂತುಗಳು ಮೇಲೆ, ಗದ್ದದ ಹತ್ತಿರ ಇದ್ದವು. ವೈರು ಸಿಕ್ಕಿಸುವ ತೂತು ಅವಳ ಕಂಕುಳಿಗೆ ಬಂದಿತ್ತು.

ಮಗಳು ಗಿಟಾರನ್ನು ಒಮ್ಮೆ ನೋಡಿಕೊಂಡಳು, ನನ್ನನ್ನು ನೋಡಿದಳು. "ಅಪ್ಪಾ, ಇದು ಕನ್ನಡೀಲಿ ಕಾಣೋ ಗಿಟಾರು" ಅಂದಳು, ತೀರಾ ಮೆತ್ತಗೆ.

ನನಗೆ ಆಗ ಎಲ್ಲ ಹೊಳೆಯಿತು. ಬಲ ಅಂಗೈಯ ಗೆರೆಯನ್ನು ಕಾಗದದ ಬೆನ್ನಿಗೆ ಹಾಕಿ, ಕತ್ತರಿಸಿ, ಮಗುಚಿ ನೋಡಿದರೆ ಎಡ ಅಂಗೈ ಕಾಣುತ್ತದೆ. ಇದನ್ನು ಪ್ರತಿಫಲನ ಎನ್ನುತ್ತಾರೆ. ಒಂಬತ್ತನೇ ಕ್ಲಾಸಿನ ಏಳನೇ ಅಧ್ಯಾಯ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹೇಳಿಕೊಡುತ್ತಿದ್ದೇನೆ. ಇದರಲ್ಲಿ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಬೀಟೆಯ ಮುಖಕ್ಕೆ ಗುಂಡಿಗಳನ್ನು ತೋಡಿಯಾಗಿತ್ತು. ಇನ್ನು ಮಗುಚುವ ಹಾಗೂ ಇಲ್ಲ, ಮುಚ್ಚುವ ಹಾಗೂ ಇಲ್ಲ. ನಾಲ್ಕು ದಿನದಲ್ಲಿ ಇನ್ನೊಂದು ಮಾಡುವ ಹಾಗಂತೂ ಇಲ್ಲ. ಮಗಳ ಗಿಟಾರನ್ನು ಒಂದು ಸಲ ಒಡೆದೆ, ಈಗ ಅವಳ ವೇದಿಕೆಯನ್ನೇ ಒಡೆದೆ. ನಾನು ಸ್ಟೂಲಿನ ಮೇಲೆ ಕುಸಿದು ಕೂತೆ. ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು.

"ಗೆರೆ ಒಳಮಗ್ಗುಲಿಗೆ ಹಾಕು ಅಂದವಳು ನೀನೇ" ಅಂದೆ ಹೆಂಡತಿಗೆ.

"ಒಳಮಗ್ಗುಲಿಗೆ ಹಾಕಿದ್ರೆ ಕಾಗದಾನೂ ಮಗುಚಿ ಹಾಕ್ಬೇಕು. ಅದು ಹೊಲಿಗೆ ಕಲಿಯೋಕೆ ಬಂದ ಮೊದಲನೇ ದಿನದ ಪಾಠ. ರೇಖಾಗಣಿತದ ಮೇಷ್ಟ್ರಿಗೆ ನಾನು ಹೇಳ್ಬೇಕಾ?" ಎನ್ನುತ್ತ ಅವಳು ಬಗ್ಗಿ, ಕತ್ತರಿಸುವ ಮೇಜಿನ ಕೆಳಗಿಂದ ಬಟ್ಟೆ ಸುತ್ತಿದ ಒಂದು ಗಂಟು ಎಳೆದಳು. ಬಿಚ್ಚಿದರೆ ಮಗಳ ಹಳೆಯ ಗಿಟಾರಿನ ಮೈ. ಬಿರುಕಿನಲ್ಲಿ ಗೋಂದು ತುಂಬಿ, ಎರಡು ಹಿತ್ತಾಳೆ ಬೋಲ್ಟ್ ಬಿಗಿದು, ಪಾಲಿಶ್ ಕೂಡ ಮಾಡಿಯಾಗಿತ್ತು.

ಬಡಗಿ ಸೀಲಿಂಗು ನೋಡುತ್ತಿದ್ದ.

"ಯಾವಾಗ ಮಾಡಿದ್ದು ಇದು?"

"ಅಳತೆ ತಗೋತೀನಿ ಅಂತ ಉಳ್ಕೊಂಡ್ನಲ್ಲ, ಅವತ್ತು ಹೇಳಿದೆ. ಮಾರನೇ ದಿನ ಸಂಜೆಗೆ ಆಯ್ತು."

"ಅಂದ್ರೆ ನಿನಗೆ ಅವತ್ತೇ ಗೊತ್ತಾಗಿತ್ತು. ಗುಂಡಿ ತೋಡೋಕೆ ಮುಂಚೆ. ಆಗ ಹೇಳಿದ್ರೆ ಮಗುಚಿಬಿಡಬಹುದಾಗಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸರಿ ಮಾಡಿಬಿಡ್ತಿದ್ರಿ" ಅಂದಳು.

ಅವಳು ಮಗಳ ಕೊರಳಿಂದ ಗಿಟಾರನ್ನು ತೆಗೆದು, ಪಟ್ಟಿಯನ್ನು ತನ್ನ ಬಲಭುಜಕ್ಕೆ ಹಾಕಿಕೊಂಡಳು. ಕತ್ತು ಬಲಗೈಗೆ ಬಂತು. ಉದ್ದ ಕೊಂಬು ಎದೆಯ ಹತ್ತಿರ ಬಂತು, ತಿರುಗಣಿ ತೂತುಗಳು ಕೆಳಗೆ ಹೋದವು, ಹತ್ತಿ ತುಂಬಿದ ಪಟ್ಟಿ ಅಳತೆ ತೆಗೆದಂತೆ ಭುಜದ ಮೇಲೆ ಕೂತಿತು. ತೆಗೆದೇ ಇತ್ತಲ್ಲ ಅಳತೆ. ತನ್ನ ಅಪ್ಪನ ಬೀಟೆಯನ್ನು ಎಡ ಅಂಗೈಯಿಂದ ನಿಧಾನವಾಗಿ ಸವರಿದಳು. "ಇನ್ನು ಈ ಮನೇಲಿ ನನ್ನ ಕೈಗೆ ಹೊಂದೋದು ಎರಡಾಯ್ತು" ಅಂದಳು. ಅವತ್ತು ಅವಳು ಗಿಟಾರು ಉಲ್ಟಾ ಹಿಡಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೆನಪಾಯಿತು. ನಾಚಿಕೆಯಾಯಿತು.

ವಾರ್ಷಿಕೋತ್ಸವದಲ್ಲಿ ಮಗಳು ಹಳೆಯ ಮೈಯಲ್ಲೇ ನುಡಿಸಿದಳು. ದೀಪದ ಬೆಳಕಿಗೆ ಎರಡು ಹಿತ್ತಾಳೆ ಬೋಲ್ಟ್‌ಗಳು ಮಿಂಚಿ, ಅವನ್ನು ಬೇಕೆಂದೇ ಹಾಕಿಸಿದ್ದು ಎಂದು ಅವಳ ಗೆಳತಿಯರು ತಿಳಿದರು. ನಾನು ಮೂರನೇ ಸಾಲಿನಲ್ಲಿ ಕೂತು ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದೆ.

ಹೆಂಡತಿ ವಾದ್ಯದಂಗಡಿಯವರಿಗೆ ಪರದೆ ಹೊಲಿದುಕೊಟ್ಟು, ಅವರಿಂದ ಎಡಗೈಯವರ ಕತ್ತು, ಪಿಕಪ್ಪು, ತಂತಿ ಎಲ್ಲ ತರಿಸಿದಳು. ಈಗ ದಿನಾ ಸಂಜೆ ಐದರಿಂದ ಆರೂವರೆವರೆಗೆ ಮಗಳು ಗುರು, ಅಮ್ಮ ಶಿಷ್ಯೆ. ಆ ಗಿಟಾರಿನ ಒಂದು ತಂತಿ ಮೀಟಿದರೆ ನಾನು 'ಏನದು' ಎಂದು ಕೇಳಿ, ಬೈಸಿಕೊಂಡು, ವಾಪಸ್ಸು ಬಂದು ಕೂರುವವರೆಗೂ ಅದರ ನಾದ ನಿಲ್ಲುವುದಿಲ್ಲ. ಮರಕ್ಕೆ ಕೆಲಸ ಇದೆ. ಎಷ್ಟು ಇದೆ, ಹೇಗಿದೆ ಎಂದು ತಿಳಿಯಲು ಬಿಚ್ಚಿ ನೋಡಬೇಕು. ಆದರೆ ಬಿಸ್ಕತ್ತಿನ ಡಬ್ಬಿಯನ್ನೂ ಸ್ಕ್ರೂಡ್ರೈವರನ್ನೂ ಅವಳು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ.

ಐದರಿಂದ ಆರೂವರೆವರೆಗೆ ಅಂಗಡಿ ನೋಡಿಕೊಳ್ಳುವುದು ಯಾರು? ಊಹಿಸಿದಿರಿ. ಮೊದಲು ಗುಂಡಿ ಹೊಲಿಯುತ್ತಿದ್ದೆ. ಈಚೆಗೆ ಕತ್ತರಿಸುವ ಮಟ್ಟಕ್ಕೆ ಬಡ್ತಿ ಸಿಕ್ಕಿದೆ. ಕತ್ತರಿ ಎಡಗೈದು, ಆದ್ದರಿಂದ ಎಡಗೈಯಲ್ಲೇ ಹಿಡಿದು ಕಲಿಯುತ್ತಿದ್ದೇನೆ. ಮೊನ್ನೆ ಬಡಗಿಯ ಬಾಕಿ ಪ್ಯಾಂಟು ನನ್ನ ಪಾಲಿಗೆ ಬಂತು. ಕಾಗದದ ನಮೂನೆ ತೆಗೆದುಕೊಂಡೆ. ಬಟ್ಟೆಯನ್ನು ಮಗುಚಿ ಒಳಮಗ್ಗುಲಿಗೆ ಗೆರೆ ಹಾಕಿದೆ. ಈ ಸಲ ಮರೆಯದೆ ಕಾಗದವನ್ನೂ ಮಗುಚಿದೆ. ಒಂದು ಕಾಲು ಕತ್ತರಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಅದೇ ಎಚ್ಚರದಿಂದ, ಅದೇ ರೀತಿ ಕಾಗದ ಮಗುಚಿ ಇಟ್ಟು, ಇನ್ನೊಂದು ಕಾಲೂ ಕತ್ತರಿಸಿದೆ.

ಬಡಗಿ ಬಂದವನು ಮೇಜಿನ ಮೇಲಿನ ಎರಡು ತುಂಡುಗಳನ್ನು ನೋಡಿದ. ಎತ್ತಿ ಒಂದನ್ನು ಎಡಗಾಲಿಗೆ ಹಿಡಿದು ನೋಡಿದ, ಸರಿಯಿತ್ತು. ಇನ್ನೊಂದನ್ನು ಬಲಗಾಲಿಗೆ ಹಿಡಿದ, ಹೊಂದಲಿಲ್ಲ. ಅದನ್ನೂ ಎಡಗಾಲಿಗೇ ಹಿಡಿದು ನೋಡಿದ, ಅದು ಅಲ್ಲಿಗೇ ಸರಿಯಿತ್ತು. ಪೆನ್ಸಿಲನ್ನು ಒಂದು ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡ.

"ಗೆರೆ ನೀವೇ ಹಾಕಿದ್ದಾ ಮೇಷ್ಟ್ರೇ?" ಅಂದ.

ಒಳಗೆ ಗಿಟಾರು ಒಂದು ಗಳಿಗೆ ನಿಂತಿತು.